ಮಲ್ಲಿಗೆಯ ಮೈಬಣ್ಣ

"ಎಂಟೇ ದಿನ! ಎಂಟು ದಿನದಲ್ಲಿ ನನ್ನ ಕುದುರೆ ಕೆನೆಯೋ ಹಾಗೆ ಮಾಡ್ಲಿಲ್ಲ ಅಂದ್ರೆ ನನ್ನ ಹೆಸರು ಸಂಪತ್ ಅಲ್ಲ!"

ಚಂದ್ರಾ ಲೇಔಟಿನ ತನ್ನ ಮನೆಯ ಊಟದ ಮೇಜಿನ ಮುಂದೆ ನಿಂತು ಸಂಪತ್ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಎದುರಿಗಿದ್ದವಳು ಹೆಂಡತಿ ಮಾಲಾ ಒಬ್ಬಳೇ. ಅವಳು ಬಿಡಿಸುತ್ತಿದ್ದ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ.

"ಹೆಸರು ಬದಲಾಯಿಸೋದಾದ್ರೆ ಆಧಾರ್ ಕಾರ್ಡಿಗೆ ಈಗ್ಲೇ ಅರ್ಜಿ ಹಾಕಿ. ಆಮೇಲೆ ಲೇಟಾಗತ್ತೆ."

ಸಂಪತ್ ಹೊಟ್ಟೆಪಾಡಿಗೆ ವಿಮಾ ಕಚೇರಿಯ ಅಧಿಕಾರಿ. ಆತ್ಮವೆಲ್ಲ ಹೆಬ್ಬೆರಳುದ್ದದ ಗೊಂಬೆ ಸೈನಿಕರಲ್ಲಿ. ಅವುಗಳ ಬಿಡಿಭಾಗ ತರಿಸಿ, ಅಂಟಿಸಿ, ಭೂತಗನ್ನಡಿ ಹಿಡಿದು ಬಣ್ಣ ಬಳಿಯುವುದು ಅವನ ಹವ್ಯಾಸ. ಒಂದೇ ಎಳೆಯ ಕುಂಚದಲ್ಲಿ ಮೀಸೆ ತಿದ್ದುತ್ತಿದ್ದ, ರೆಪ್ಪೆ ಬರೆಯುತ್ತಿದ್ದ. ಸಿಪಾಯಿಗಳೆಲ್ಲ ಕೈಗೆ ಕುದುರಿದ್ದರು. ಕುದುರದೇ ಇದ್ದದ್ದು ಕುದುರೆ ಮಾತ್ರ!

ನಾಗರಬಾವಿಯಲ್ಲಿ ಮುಂದಿನ ಭಾನುವಾರ ಗೊಂಬೆ ಪ್ರಿಯರ ಪ್ರದರ್ಶನವಿತ್ತು. "ಈ ಸಲ ಬಿಳಿ ಕುದುರೆಯ ಸವಾರ. ಜೀವಂತ ಇದೆ ಅಂತ ಹುಲ್ಲು ಹಾಕಕ್ಕೆ ಬರ್ಬೇಡಿ!" ಎಂದು ವಾಟ್ಸಾಪ್ ಗುಂಪಿನಲ್ಲಿ ಕೊಚ್ಚಿಕೊಂಡೂ ಆಗಿತ್ತು.

ಮೊದಲ ದಿನ ಟ್ಯೂಬಿನ ಬಿಳಿಯನ್ನೇ ಬಳಿದ.

"ಚೆನ್ನಾಗಿದೆ ರೀ. ಬಾತ್‌ರೂಮ್ ಟೈಲ್ಸ್ ಅಲ್ವಾ?" ಎಂದಳು ಮಾಲಾ.

ಬೂದು ಬಣ್ಣ ತೆಳ್ಳಗೆ ಸವರಿದ.

"ಅಯ್ಯೋ ಪಾಪ, ಕತ್ತೆ ಮಳೇಲಿ ನೆನೆದಿದೆ."

ಐದನೆಯ ದಿನ ವಿಡಿಯೋದಲ್ಲಿ ಪಾಠ ಹೇಳುವ ಮೇಷ್ಟ್ರೊಬ್ಬ ರಹಸ್ಯ ಬಿಟ್ಟುಕೊಟ್ಟ: ಬಿಳಿ ಕುದುರೆ ಬಿಳಿಯಲ್ಲ! ಅದರೊಳಗೆ ನೂರು ಬಣ್ಣಗಳಿವೆ. ನಿಜವಾದ ಕುದುರೆಯನ್ನು ನೋಡಬೇಕು. ಬೇಗ ಒಣಗದ ಎಣ್ಣೆಬಣ್ಣ ಬಳಸಿ ಒಂದರೊಳಗೊಂದು ಕರಗಿಸಬೇಕು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಂಪತ್ ಎಣ್ಣೆಬಣ್ಣದ ಚೀಲ ಹೆಗಲಿಗೇರಿಸಿಕೊಂಡು ಮಾರೇನಹಳ್ಳಿಯ ಒಂದು ಖಾಲಿ ಸೈಟಿನಲ್ಲಿದ್ದ. ಹರಪನಹಳ್ಳಿ ಕಡೆಯ ಕೊಟ್ರಪ್ಪ ಅಲ್ಲಿ ಶೀಟಿನ ಕೊಟ್ಟಿಗೆ ಕಟ್ಟಿ, ಮದುವೆ ಮೆರವಣಿಗೆಗೆಂದು ಒಂದು ಹೆಣ್ಣು ಕುದುರೆ ಸಾಕಿದ್ದ. ಹೆಸರು ಮಲ್ಲಿಗೆ, ಮೈಬಣ್ಣವೂ ಅದೇ.

"ಎಷ್ಟ್ ಬೇಕಾದ್ರೂ ನೋಡ್ರಿ ಸರ. ಮುಟ್ಬ್ಯಾಡ್ರಿ, ಅಷ್ಟ. ಸಂಜಿಗೆ ಮೆರವಣಿಗಿ ಐತಿ, ಈಗ ಮೈ ತೊಳದೀನಿ," ಎಂದು ಹೇಳಿ ಕೊಟ್ರಪ್ಪ ಚಹಾ ಕುಡಿಯಲು ಹೋದ.

ಸಂಪತ್ ನೋಡಿದ. ಆಹಾ! ಮೂತಿಯಲ್ಲಿ ಗುಲಾಬಿ, ಹೊಟ್ಟೆಯಡಿ ಕೆನೆಹಳದಿ, ತೊಡೆಯ ಕುಳಿಯಲ್ಲಿ ತಿಳಿನೀಲಿ! ಒಂದು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬಣ್ಣಗಳನ್ನು ಹಿಂಡಿ, ಹೋಲಿಸಿ ನೋಡಲು ಅದನ್ನು ಕುದುರೆಯ ಪಕ್ಕೆಗೆ ಒಂದಿಂಚು ದೂರದಲ್ಲಿ ಹಿಡಿದ. ಮುಟ್ಟಲಿಲ್ಲ. ಖಂಡಿತ ಮುಟ್ಟಲಿಲ್ಲ! ಮಲ್ಲಿಗೆಯ ಆಚೆಬದಿ ಒಂದು ನೊಣ ಕೂತಿತು. ಮಲ್ಲಿಗೆ ಈಚೆಗೆ ಸರಿಯಿತು. ಪಚ್!

ಮುಚ್ಚಳ ಕಿತ್ತಾಗ ಪಕ್ಕೆಯ ಮೇಲೆ, ಬಣ್ಣಗಳೆಲ್ಲ ಕಲಸಿಹೋಗಿ, ಬೆಲ್ಲದಚ್ಚಿನಷ್ಟು ಕಂದು ಕಲೆ. ಕರವಸ್ತ್ರದಿಂದ ಉಜ್ಜಿದ, ಕಲೆ ಹೋಳಿಗೆಯಷ್ಟಾಯಿತು. ಬಲವಾಗಿ ಉಜ್ಜಿದ, ಊಟದ ತಟ್ಟೆಯಷ್ಟಾಯಿತು! ಆಗಲೇ ಸಂಪತ್ತನಿಗೊಂದು ಮಹಾ ಉಪಾಯ ಹೊಳೆಯಿತು. ಬಳಿದದ್ದು ಬಣ್ಣ, ಮುಚ್ಚುವುದೂ ಬಣ್ಣವೇ!

ಬಿಳಿಗೆ ಚಿಟಿಕೆ ಹಳದಿ, ಚೂರು ಬೂದು, ಒಂದು ಹನಿ ನೀಲಿ. ಕೂದಲು ಮಲಗಿದ ದಿಕ್ಕಿನಲ್ಲೇ ಕುಂಚ ಎಳೆದ. ಟ್ಯೂಬುಗಳು ಒಂದೊಂದಾಗಿ ಖಾಲಿಯಾದವು. ಮುಕ್ಕಾಲು ಗಂಟೆಯ ಮೇಲೆ ಹಿಂದೆ ಸರಿದು ನೋಡಿದರೆ, ಕಲೆ ಮಾಯ! ಇಷ್ಟು ದಿನ ಒಲಿಯದ ಕುದುರೆ ಅವನ ಕೈಗೆ ಒಲಿದಿತ್ತು. ಹೆಮ್ಮೆ ತಡೆಯದೆ ಆ ಪಕ್ಕೆಯ ಫೋಟೋ ತೆಗೆದು ಗುಂಪಿಗೆ ಹಾಕಿದ.

"ಬೆಂಕಿ! ಯಾವ ಸ್ಕೇಲ್ ಗುರು? ನಿಜದ್ದಕ್ಕಿಂತ ಎಷ್ಟು ಪಟ್ಟು ಚಿಕ್ಕದು?" ಎಂದು ಜೀವನ್ ಎಂಬ ಗೆಳೆಯ ಕೇಳಿದ.

"ಒಂದಕ್ಕೆ ಒಂದು," ಎಂದು ಬರೆದ ಸಂಪತ್.

ಅಷ್ಟರಲ್ಲಿ ಕೊಟ್ರಪ್ಪ ಬಂದ. ಅವನ ಕಣ್ಣಿಗೆ ಏನೂ ಬೀಳಲಿಲ್ಲ! ಪ್ರೀತಿಯಿಂದ ಮಲ್ಲಿಗೆಯ ಪಕ್ಕೆ ತಟ್ಟಿದ. ಅಂಗೈ ನೋಡಿಕೊಂಡ. ಮತ್ತೆ ಪಕ್ಕೆ ನೋಡಿದ. ಅಲ್ಲಿ ಐದು ಬೆರಳು ಸ್ಪಷ್ಟವಾಗಿ ಮೂಡಿದ್ದವು. ಸಂಪತ್ತನ ಬಣ್ಣ ಬಯಲಾಯಿತು.

"ಸರ... ಇದೇನ್ರೀ ಇದು?"

"ಬಣ್ಣ, ಕೊಟ್ರಪ್ಪ. ಸ್ವಲ್ಪ. ಒಣಗತ್ತೆ."

"ಯಾವಾಗ?"

"...ಮಂಗಳವಾರ."

"ಮದುಮಗ ಏಳಕ್ಕ ಹತ್ತತಾನ್ರೀ, ಕೆನಿ ಬಣ್ಣದ್ ಬಟ್ಟಿ ಹಾಕ್ಕೊಂಡು! ಅದ್ ಹಾಳಾಗಿ ಹೋಗ್ಲಿ. ಇವಳು ನೆಕ್ಕಿದ್ರ? ಹೊಟ್ಟಿ ನೋಯ್ತೈತಿ ಅನ್ನಾಕ ಇವಳಿಗೆ ಬಾಯಿ ಐತೇನ್ರೀ?" ಕೊಟ್ರಪ್ಪನ ದನಿ ಒಡೆಯಿತು. ಮಲ್ಲಿಗೆಯ ಕತ್ತನ್ನು ತಬ್ಬಿ, ಅದು ಹಿಂದಕ್ಕೆ ತಿರುಗದಂತೆ ಹಿಡಿದುಕೊಂಡ.

ಸಂಪತ್ತನಿಗೆ ಆಗ ನಿಜಕ್ಕೂ ನಾಚಿಕೆಯಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಗಡಿಬಿಡಿಯಲ್ಲಿ ಚೀಲದಿಂದ ಟರ್ಪೆಂಟೈನ್ ಬಾಟಲಿ ತೆಗೆದರೆ, "ಚರ್ಮ ಸುಡ್ತೈತಿ, ಒಳಗಿಡ್ರಿ!" ಎಂದು ಕೊಟ್ರಪ್ಪ ಗದರಿದ. ಉಳಿದದ್ದು ಒಂದೇ ದಾರಿ. ಫೋನ್ ಮಾಡಿದ.

"ಮಾಲಾ, ಎಣ್ಣೆಬಣ್ಣ ತೆಗೆಯೋದು ಹೇಗೆ?"

"ಯಾವ ಬಟ್ಟೆ?"

"ಬಟ್ಟೆ ಅಲ್ಲ. ಚರ್ಮ."

"ಯಾರ ಚರ್ಮ?"

"ಕುದುರೆದು."

ಆ ಕಡೆ ಗ್ಯಾಸ್ ಒಲೆ ಟಪ್ಪೆಂದು ಆರಿಸಿದ ಸದ್ದು ಕೇಳಿಸಿತು. "ಅಲ್ಲೇ ನಿಂತಿರಿ. ಏನೂ ಮುಟ್ಬೇಡಿ. ಮುಖ್ಯವಾಗಿ ಕುಂಚ!"

ಇಪ್ಪತ್ತು ನಿಮಿಷದಲ್ಲಿ ಮಾಲಾ ಸ್ಕೂಟರಿನಲ್ಲಿ ಬಂದಿಳಿದಳು. ಜೊತೆಗೆ ಕೊಬ್ಬರಿ ಎಣ್ಣೆಯ ದೊಡ್ಡ ಡಬ್ಬ, ಸೀಗೆಪುಡಿ, ಗಂಡನ ಹಳೆಯ ಆರು ಬನಿಯನ್ನುಗಳು. ಅಷ್ಟರಲ್ಲಿ ಕೊಟ್ರಪ್ಪ ಪಶುವೈದ್ಯರಿಗೆ ಫೋನ್ ಮಾಡಿದ್ದ. ನೆಕ್ಕಿಲ್ಲವಾದರೆ ಭಯವಿಲ್ಲ, ಎಣ್ಣೆಯಿಂದ ನಿಧಾನವಾಗಿ ತೆಗೆಯಿರಿ ಎಂದರಂತೆ ಅವರು. ಕೊಟ್ರಪ್ಪನ ಹೆಗಲು ಸಡಿಲವಾಯಿತು.

"ಹೂಂ, ಈಗ ಉಜ್ಜಿ. ಮೆತ್ತಗೆ! ನಮ್ಮನೆ ಪಾತ್ರೆ ಅಂದ್ಕೊಂಡ್ರಾ?" ಎಂದು ಮಾಲಾ ಹುಕುಂ ಕೊಟ್ಟಳು.

ಎಣ್ಣೆಗೆ ಬಣ್ಣ ಬಿಟ್ಟಿತು. ಸೀಗೆಗೆ ಎಣ್ಣೆ ಬಿಟ್ಟಿತು. ಆದರೆ ತೊಳೆದ ಪಕ್ಕೆ ಎಷ್ಟು ಬೆಳ್ಳಗಾಯಿತೆಂದರೆ, ಉಳಿದ ಕುದುರೆ ಮಾಸಲಾಗಿ ಕಾಣತೊಡಗಿತು! ಹಾಗಾಗಿ ಆಚೆ ಪಕ್ಕೆ, ಕತ್ತು, ಕಾಲು, ಕೊನೆಗೆ ಬಾಲ. ಮೂರು ಗಂಟೆಗೆ ಮುಗಿದಾಗ ಸಂಪತ್ತನ ಸೊಂಟ ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ಬಿಸಿಲಿಗೆ ಒಣಗಿದ ಮಲ್ಲಿಗೆ ಫಳಫಳ ಹೊಳೆಯಿತು. ಕೊಟ್ರಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೊದಲ ಸಲ ನಕ್ಕ.

"ಆದ್ರೂ ಮೆರವಣಿಗಿಗೆ ನೀವೂ ಬರ್ರಿ ಸರ. ಎಲ್ಲ್ಯಾರ ಬಣ್ಣ ಉಳದಿದ್ರ ಒರಸಾಕ."

ಸಂಜೆ ಬ್ಯಾಂಡಿನ ಗದ್ದಲದಲ್ಲಿ, ಹೆಗಲ ಮೇಲೆ ಒದ್ದೆ ಬನಿಯನ್ ಹಾಕಿಕೊಂಡು ವಿಮಾ ಅಧಿಕಾರಿ ಸಂಪತ್ ಕುದುರೆಯ ಪಕ್ಕದಲ್ಲಿ ಕುಂಟುತ್ತಾ ನಡೆದ. ನಾಳೆಯ ಪ್ರದರ್ಶನದ ಗೊಂಬೆ ಕುದುರೆಗೆ ಟ್ಯೂಬಿನಲ್ಲಿ ಬಣ್ಣವೂ ಉಳಿದಿರಲಿಲ್ಲ. ಕಲ್ಯಾಣ ಮಂಟಪದ ಮುಂದೆ ಮದುಮಗ ಇಳಿದ. ಸಂಪತ್ ಬಗ್ಗಿ ಅವನ ಹಿಂಭಾಗವನ್ನೇ ದಿಟ್ಟಿಸಿದ. ಒಂದು ಚುಕ್ಕೆಯೂ ಇಲ್ಲ! ಸ್ಕೂಟರಿನಲ್ಲಿ ಮುಂದಾಗಿ ಬಂದು, ಮೆಟ್ಟಿಲ ಮೇಲಿಂದ ಅದನ್ನೇ ನೋಡುತ್ತಿದ್ದ ಮಾಲಾ ದೇವರಿಗೆ ಕೈಮುಗಿದಳು. ಸಂಪತ್ತನಿಗೆ ಬೆಳಗಿನಿಂದ ಮರೆತಿದ್ದ ಹಸಿವು ಒಮ್ಮೆಲೇ ಆಯಿತು.

ಆಗ ಮದುಮಗನ ದೊಡ್ಡಪ್ಪ ಮರಿಯಪ್ಪ, ಜರಿಪೇಟದ ಯಜಮಾನರು, ಮಲ್ಲಿಗೆಯ ಮೈಮೇಲೆ ಕೈಯಾಡಿಸಿದರು. "ಏನ್ ಹೊಳಪು! ಏನ್ ಕಳೆ! ಯಾರ ಕೈಕೆಲಸ ಇದು?"

ಎಷ್ಟೋ ವರ್ಷದಿಂದ ಒಂದು ಕುದುರೆಯ ವಿಷಯಕ್ಕೆ ಈ ಮಾತು ಕೇಳಲು ಸಂಪತ್ ಕಾದಿದ್ದ. ಎದೆಯುಬ್ಬಿಸಿದ. "ನಂದೇ ಸಾರ್!"

"ಭೇಷ್! ಮಾರೇನಹಳ್ಳೀಲಿ ನಮ್ದು ನಾಲ್ಕು ಹಸು ಅವೆ ಕಣಪ್ಪ. ಸಂಕ್ರಾಂತಿಗೆ ಬಂದು ಮೈ ತೊಳ್ಕೊಡ್ತೀಯಾ?"

ಸಂಪತ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು.

"ಬರ್ತಾರೆ ಸಾರ್," ಎಂದಳು ಮಾಲಾ. "ಎಣ್ಣೆ, ಸೀಗೆ ಎಲ್ಲಾ ಅವರೇ ತರ್ತಾರೆ!"