ಹುಲ್ಲಿನ ಯಂತ್ರಕ್ಕೆ ನಾನು ಅಲಗು ಹಚ್ಚಿದ್ದು

ಒಂದು ಅಲಗು, ನಾಲ್ಕು ಸ್ಕ್ರೂ. ಬಿ.ಎಸ್ಸಿ. ಪಾಸಾದವನಿಗೆ ಇದು ಹತ್ತು ನಿಮಿಷದ ಕೆಲಸ ಎಂದು ಹೆಡ್‌ಮಾಸ್ತರರಿಗೆ ನಾನು ಹೇಳಿದ್ದು ಸೋಮವಾರ ಮುಂಜಾನೆ.

ಟಿಕೋಟಾದ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜು ಕಂಡವರಿಲ್ಲ. ಫ್ರೀ ಬೋರ್ಡಿಂಗಿನಲ್ಲಿ ಉಂಡು, ಬೇರೆಯವರ ಪುಸ್ತಕಗಳನ್ನು ಕೈಯಿಂದ ನಕಲು ಮಾಡಿಕೊಂಡು ಓದಿ, ಪದವಿ ತಂದವನು ನಾನು. ವಿಜಾಪುರದ ಅಥಣಿ ರಸ್ತೆಯ ಒಂದು ಹೈಸ್ಕೂಲಿನಲ್ಲಿ ಎರಡು ವರ್ಷದಿಂದ ಸೈನ್ಸ್ ಮಾಸ್ತರನಾಗಿದ್ದೆ. ಆದರೆ ಹಂಗಾಮಿ. ನಾನು ಕಾಯಂ ಆಗುವುದು ಶನಿವಾರ ತಪಾಸಣೆಗೆ ಬರಲಿದ್ದ ಸಾಹೇಬರು ಬರೆಯುವ ಒಂದು ಸಾಲಿನ ಮೇಲೆ ನಿಂತಿತ್ತು. ನಮ್ಮಪ್ಪ ಮಾತ್ರ ಟಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ "ನನ್ನ ಮಗ ಕಾಯಂ ಆಗ್ಯಾನ" ಎಂದು ವರ್ಷದಿಂದ ಸಾರುತ್ತಲೇ ಇದ್ದ.

ಸಾಲೆಯ ಮುಂದೆ ಎಂಟು ಹೆಜ್ಜೆ ಅಗಲದ ಕರಿಕೆ ಹುಲ್ಲಿನ ಹಾಸು ಇತ್ತು. ಸಿಪಾಯಿ ಚಂದಪ್ಪ ಬಾವಿಯ ನೀರು ಹೊತ್ತು ಬೆಳೆಸಿದ್ದ. ಕುಡಗೋಲಿನಿಂದ ಕೊಯ್ದು ತನ್ನ ಎಮ್ಮೆಗೆ ಒಯ್ಯುತ್ತಿದ್ದವನೂ ಅವನೇ. ಆ ಎಮ್ಮೆಯ ಹಾಲು ನಮ್ಮ ಮನೆಗೂ ಬರುತ್ತಿತ್ತು. ಸಾಹೇಬರ ಕಣ್ಣಿಗೆ ಕುಡಗೋಲು ಬೀಳಬಾರದೆಂದು ಹೆಡ್‌ಮಾಸ್ತರರು ಯಾವುದೋ ಬಂಗಲೆಯ ಲಿಲಾವಿನಲ್ಲಿ ಸವಾಲು ಕೂಗಿ, ಕೈಯಿಂದ ದೂಡುವ ವಿಲಾಯತಿ ಯಂತ್ರವೊಂದನ್ನು ತಂದರು. ಅದರಲ್ಲಿ ಗರಗರ ತಿರುಗುವ ಐದು ಬಾಗಿದ ಅಲಗು. ಅವುಗಳ ಕೆಳಗೆ ಕದಲದೆ ಕೂತ ಒಂದು ನೇರ ಅಲಗು. ಎರಡರ ನಡುವೆ ಸಿಕ್ಕ ಹುಲ್ಲು ಕತ್ತರಿಸಬೇಕು. ಕೆಳಗಿನ ಅಲಗಿಗೆ ತುಕ್ಕು ಹಿಡಿದಿತ್ತು. ನಾನು ಬಿಚ್ಚಿದೆ, ಸಾಣೆ ಹಿಡಿಸಿದೆ, ಗ್ರೀಸು ಬಳಿದೆ, ಹಚ್ಚಿದೆ. ಹತ್ತೇ ನಿಮಿಷ.

ದೂಡಿದೆ. ಹುಲ್ಲು ಹೊಸ ಸೊಸೆಯಂತೆ ತಲೆ ಬಾಗಿಸಿತು. ಯಂತ್ರ ಮುಂದೆ ಹೋದ ಮೇಲೆ ಮೆಲ್ಲಗೆ ಎದ್ದು ನಿಂತಿತು.

ಚಂದಪ್ಪ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ನೋಡುತ್ತಿದ್ದ. "ಭಾರಿ ಮಷಿನ್ ಐತಿ ಬಿಡ್ರಿ ಮಾಸ್ತರ. ಒಂದು ಎಸಳಿಗೂ ನೋವು ಮಾಡವಲ್ದು" ಎಂದ.

ಮಂಗಳವಾರ ಸ್ಕ್ರೂ ಬಿಗಿ ಮಾಡಿದೆ. ಯಂತ್ರ ಎಂಥ ಕಿರುಚಾಟ ತೆಗೆಯಿತೆಂದರೆ ಎಂಟನೇ ಇಯತ್ತೆಯ ಹುಡುಗರು ಸಾಲೆ ಬಿಟ್ಟಿತೆಂದು ಪಾಟಿಚೀಲ ಹೊತ್ತು ಹೊರಬಂದರು. ಬುಧವಾರ, ಭಾರ ಸಾಲದು ಎಂಬ ಸಿದ್ಧಾಂತಕ್ಕೆ ಬಂದು ಪ್ರಯೋಗಶಾಲೆಯ ಕಬ್ಬಿಣದ ತೂಕದ ಬಟ್ಟುಗಳನ್ನೆಲ್ಲ ಅದರ ಮೇಲೆ ಕಟ್ಟಿದೆ. ಈಗ ಅದು ಹುಲ್ಲನ್ನು ಬಿಟ್ಟು ನೆಲವನ್ನು ಹಿಡಿಯಿತು. ಎರಡು ಸಾಲು ಚೊಕ್ಕಾಗಿ ಗೀಚಿತು.

"ಬಿತ್ತಾಕ ಬರತೈತ್ರಿ. ಜ್ವಾಳ ತರಲೇನು?" ಎಂದ ಚಂದಪ್ಪ.

ಗುರುವಾರ ಊಟಕ್ಕೆ ಕೂತಾಗ ಹೆಂಡತಿ ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಗ್ರೀಸು ಹತ್ತಿದ ಕೈ ನೋಡಿದಳು. ಬಬಲೇಶ್ವರದ ಒಕ್ಕಲುತನದ ಮನೆಯವಳು.

"ಅಲಗು ಬೋರಲ ಆಗಿರಬೇಕ್ರಿ. ಒಮ್ಮೆ ತಿರುವಿ ಹಚ್ಚಿ ನೋಡಬಾರದ?"

"ನೀ ಎಷ್ಟನೇ ಇಯತ್ತಾ ಓದೀದಿ?"

"ಮೂರನೇದು."

"ನಾ ಬಿಎಸ್ಸಿ."

"ಅದು ಹುಲ್ಲಿಗೆ ಗೊತ್ತೈತೇನ್ರಿ?"

ಪಾಟಿಯ ಮೇಲೆ ಚಿತ್ರ ಬರೆದು, ಬಾಣದ ಗುರುತು ಹಾಕಿ, ಅಲಗು ಸರಿಯಾಗಿಯೇ ಇದೆ ಎಂದು ಸಾಧಿಸಿದೆ. ಚಿತ್ರ ಬಹಳ ಚಂದ ಬಂದಿತ್ತು. ಶುಕ್ರವಾರ ಇಡೀ ಯಂತ್ರ ಬಿಚ್ಚಿ ಮತ್ತೆ ಜೋಡಿಸಿದೆ. ಕೈಯಲ್ಲಿ ಎರಡು ನಟ್ಟು ಉಳಿದವು. ಅಲಗನ್ನು ಮಾತ್ರ ಇದ್ದ ಹಾಗೆಯೇ ಹಚ್ಚಿದೆ. ಸೋಲುವವನು ನಾನಲ್ಲ.

ಶನಿವಾರ ಸಾಹೇಬರು ಬಂದರು. ನನ್ನ ಪಾಠ ಕೇಳಿದರು, ತಲೆ ಆಡಿಸಿದರು. ಹೊರಗೆ ಬಂದು ಯಂತ್ರ ನೋಡಿದರು. "ನಡಸ್ರಿ, ನೋಡೂಣು."

ನಡೆಸಿದೆ. ಹುಲ್ಲು ಬಾಗಿತು. ಎದ್ದಿತು.

"ಭಾಳ ಸಂಸ್ಕಾರದ ಹುಲ್ಲು" ಎಂದರು ಸಾಹೇಬರು. ಕೂತರು, ಯಂತ್ರ ಮಗುಚಿದರು, ಕರವಸ್ತ್ರದಿಂದ ಗ್ರೀಸು ಒರೆಸಿದರು. "ಮಾಸ್ತರ್ರ, ಅಲಗಿನ ಮ್ಯಾಲ ಇಂಗ್ಲಿಷಿನಾಗ ಏನೋ ಬರದಾರ. ಓದ್ರಿ."

ಓದಿದೆ. "ಈ ಮಗ್ಗಲು ಮೇಲೆ ಬರಬೇಕು" ಎಂದಿತ್ತು.

"ಇನ್ನೊಮ್ಮೆ ಓದ್ರಿ. ಹಿಂದಿನವರಿಗೆ ಕೇಳಸ್ಲಿಲ್ಲ."

ಹಿಂದೆ ಹೆಡ್‌ಮಾಸ್ತರರು, ಚಂದಪ್ಪ ಮತ್ತು ಕಿಟಕಿಯಲ್ಲಿ ಇಡೀ ಎಂಟನೇ ಇಯತ್ತೆ. ಇನ್ನೊಮ್ಮೆ ಓದಿದೆ. ಇಷ್ಟು ವರ್ಷ ಇಂಗ್ಲಿಷ್ ಕಲಿತಿದ್ದೆ. ನನಗಾಗಿಯೇ ಬರೆದ ಒಂದೇ ಒಂದು ಸಾಲನ್ನು ನೆಲಕ್ಕೆ ಮುಖ ಮಾಡಿ ಬಿಗಿದಿದ್ದೆ.

ಅವರೆದುರೇ ಅಲಗು ತಿರುವಿ ಹಚ್ಚಿದೆ. ಹುಲ್ಲು ಹಿಟ್ಟಿನಂತೆ ಹಾರಿತು. ಸಾಹೇಬರು ಬರೆದರು: "ಸೈನ್ಸ್ ಮಾಸ್ತರರ ಇಂಗ್ಲಿಷ್ ಉಚ್ಚಾರ ಸ್ಪಷ್ಟವಾಗಿದೆ. ತೋರಿಸಿದರೆ ತಪ್ಪು ತಿದ್ದಿಕೊಳ್ಳುತ್ತಾರೆ. ಕಾಯಂ ಮಾಡಬಹುದು."

ನಮ್ಮಪ್ಪನ ಸುಳ್ಳು ನಿಜವಾಯಿತು. ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಅಷ್ಟಿಷ್ಟು ಉಳಿಯುತ್ತಿತ್ತು.

ಎರಡು ವಾರಕ್ಕೆ ಹಾಲು ಅರ್ಧಕ್ಕಿಳಿಯಿತು. ಯಂತ್ರ ಕೊಯ್ದ ಹುಲ್ಲು ಪುಡಿಯಾಗಿ ಮಣ್ಣಿನಲ್ಲಿ ಕೂಡುತ್ತಿತ್ತು; ಎಮ್ಮೆಗೆ ಸಿಗುತ್ತಿರಲಿಲ್ಲ. ಶಾಂತವ್ವ ಹೇಳಿದಳು: "ಮತ್ತ ಬೋರಲ ಹಚ್ಚಿ ಬರ್ರಿ. ನಿಮಗ ರೂಢಿ ಐತಿ."

ಭಾನುವಾರ ಯಾರೂ ಇಲ್ಲದಾಗ ಹೋಗಿ, ಅಲಗು ಬಿಚ್ಚಿ, ತಿರುವಿ, ಬಿಗಿದು ಬಂದೆ. ಅಕ್ಷರ ಓದುತ್ತ ಕೂಡಲಿಲ್ಲ. ಈಗ ನಾನು ಅನುಭವಸ್ಥ.

ಸೋಮವಾರ ಹೆಡ್‌ಮಾಸ್ತರರು ಮುಂದೆ ನಿಂತು ಚಂದಪ್ಪನಿಂದ ಯಂತ್ರ ದೂಡಿಸಿದರು. ಅದು ಹಿಂದೆಂದೂ ಕೊಯ್ಯದಷ್ಟು ಸಣ್ಣಗೆ ಕೊಯ್ಯಿತು. ಅವರು ಹಿಗ್ಗಿ, "ಇನ್ನ ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಯಂತ್ರವನ್ನು ತಮ್ಮ ಕೋಣೆಯಲ್ಲಿಟ್ಟು ಕೀಲಿ ಹಾಕಿದರು.

ಚಂದಪ್ಪ ನನ್ನನ್ನು ಬಾವಿಯ ಕಡೆಗೆ ಕರೆದ. "ಮಾಸ್ತರ, ನೀವೇನರ ಅಲಗು ಮುಟ್ಟೀರೇನ್ರಿ?"

"ಯಾಕ?"

"ಮೊನ್ನಿ ಶನಿವಾರ ಸಂಜಿಕನ ನಾ ಅದನ್ನ ಬೋರಲ ಹಚ್ಚಿದ್ನಿರಿ. ಎಮ್ಮಿ ಸಂಕಟ ನೋಡಾಕ ಆಗಲಿಲ್ಲ. ನೀವು ಹಚ್ಚಿದ್ದು ಬೋರಲ ಐತಿ ಅಂತ ನನಗ ಮೊದಲನೇ ದಿನಾನ ಗೊತ್ತಿತ್ತು. ಎಮ್ಮಿ ಇಟಗೊಂಡಾಂವ ನಾ, ಹೆಂಗ ಹೇಳಲಿ?"

ಮನೆಗೆ ಬಂದು ಶಾಂತವ್ವನಿಗೆ ಎಲ್ಲ ಹೇಳಿದೆ. ಆಕೆ ಎದ್ದು ಒಲೆಯ ಕಡೆಗೆ ಹೋದಳು. ಹಾಲಿಲ್ಲದ ಕರಿ ಚಾ ತಂದು ನನ್ನ ಮುಂದಿಟ್ಟಳು.

"ಕುಡೀರಿ" ಎಂದಳು. "ಇದೂ ಕಾಯಂ ಆತು."