ಸೊನ್ನೆಗೆ ಸಿಕ್ಕ ಗಡಿಯಾರ

೧. ಚಪ್ಪಾಳೆ

ಹಾಸನದ ಸಭೆಯಲ್ಲಿ ಸಾಹೇಬರು ಗುಂಡಿ ಒತ್ತಿದರು. ಪರದೆಯ ಮೇಲೆ ಸೊನ್ನೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಆರೋಗ್ಯ ಇಲಾಖೆಯಲ್ಲಿ ಹುಟ್ಟು ಸಾವು ಬರೆಯುವ ಗುಮಾಸ್ತ. ನಮ್ಮ ಅಂಕಿಅಂಶವೆಲ್ಲ ಆಗಷ್ಟೇ ಇಂಟರ್ನೆಟ್ಟಿಗೆ ಹೋಗಿತ್ತು. ತಾಲ್ಲೂಕು ಆರಿಸಬೇಕು, ಉಪಕೇಂದ್ರ ಆರಿಸಬೇಕು, ವರ್ಷ ಆರಿಸಬೇಕು, ಏನು ಬೇಕೋ ಕೇಳಬೇಕು. ಸಂಖ್ಯೆ ಬರುತ್ತಿತ್ತು. ಅದಕ್ಕೆ ಮೊದಲು ಅದೇ ಸಂಖ್ಯೆಗಾಗಿ ನಾನು ಬೀರು ತೆಗೆದು ಎರಡು ದಿನ ಧೂಳು ಕುಡಿಯುತ್ತಿದ್ದೆ.

ಸೊನ್ನೆ ಹಳ್ಳಿಮೈಸೂರು ಕಡೆಯ ಒಂದು ಉಪಕೇಂದ್ರದ್ದು. ನಾಲ್ಕಾರು ಹಳ್ಳಿ, ಒಬ್ಬಳು ನರ್ಸಮ್ಮ. ವರ್ಷದಲ್ಲಿ ಅಲ್ಲಿ ಒಂದು ಕೂಸೂ ಸತ್ತಿಲ್ಲ ಎಂದು ಅರ್ಥ. ಸಾಹೇಬರು ಆಕೆಯನ್ನು ಮುಂದೆ ಕರೆದು ಗೋಡೆ ಗಡಿಯಾರ ಕೊಟ್ಟರು. ಆಕೆ ತೆಗೆದುಕೊಂಡಳು. ಹೋಗಿ ಕೂರಲಿಲ್ಲ.

"ಸಾರ್, ಈ ಸೊನ್ನೆ ತಪ್ಪು," ಅಂದಳು.

"ಇಷ್ಟೊಂದು ವಿನಯ ಬೇಡಮ್ಮ," ಅಂದರು ಸಾಹೇಬರು.

ಇನ್ನೊಂದು ಸಲ ಚಪ್ಪಾಳೆ ಬಿತ್ತು.

೨. ಯಾರೂ ಕೇಳದ ಮನೆ

ಸಭೆ ಮುಗಿದ ಮೇಲೆ ಆಕೆ ನನ್ನ ಮೇಜಿಗೆ ಬಂದಳು. ಗಡಿಯಾರ ಕಂಕುಳಲ್ಲಿತ್ತು.

"ಯಾರ ಕೂಸು?" ಅಂದೆ.

"ನಂದೇ ಸಾರ್."

ಚೊಚ್ಚಲ ಹೆರಿಗೆಗೆ ತವರಿಗೆ, ಬಾಗೂರಿಗೆ ಹೋಗಿದ್ದಳು. ಹೆಣ್ಣು ಕೂಸು. ಒಂಬತ್ತು ದಿನ ಇತ್ತು. ಹನ್ನೊಂದನೇ ದಿನಕ್ಕೆ ನಾಮಕರಣ ಎಂದು ತೊಟ್ಟಿಲು ತೊಳೆದಿಟ್ಟಿದ್ದರು.

"ಹೆಸರಿಡದ ಕೂಸನ್ನ ಬರೆಸಬಾರದು, ಮುಂದಿನ ಕೂಸಿಗೆ ಒಳ್ಳೇದಲ್ಲ ಅಂದ್ರು ನಮ್ಮತ್ತೆ. ಎಲ್ಲಾ ಮನೇಲೂ ಹಂಗೇ ಅಂತಾರೆ ಸಾರ್. ನಾನು ಬಿಡ್ತಿರ್ಲಿಲ್ಲ. ಜಗಲಿ ಮೇಲೆ ಕೂತ್ಬಿಡ್ತಿದ್ದೆ. ಹೇಳೋಗಂಟ ಏಳ್ತಿರ್ಲಿಲ್ಲ."

"ಮತ್ತೆ ನಿನ್ನದು ಯಾಕೆ ಬಿಟ್ಟುಹೋಯ್ತು?"

"ರಜದಲ್ಲಿದ್ದೆ. ಪಕ್ಕದ ಉಪಕೇಂದ್ರದ ನರ್ಸಿಗೆ ಚಾರ್ಜು ಕೊಟ್ಟಿದ್ರು. ಅವರು ಮನೆಮನೆಗೂ ಹೋಗಿ ಕೇಳಿದಾರೆ. ನಮ್ಮನೇಗೂ ಬಂದು, ನಮ್ಮತ್ತೆ ಕೊಟ್ಟ ಕಾಫಿ ಕುಡಿದು ಹೋಗಿದಾರೆ. ನರ್ಸಮ್ಮನ ಮನೇಲಿ ಏನು ಕೇಳೋದು ಅಂತ ಕೇಳ್ಲಿಲ್ಲ."

"ಈಗ ಏನಾಗ್ಬೇಕು?"

"ಆ ಸೊನ್ನೆ ಒಂದಾಗ್ಬೇಕು ಸಾರ್. ಅವಳು ಹುಟ್ಟಿದ್ಲು."

ಗಡಿಯಾರವನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದಳು.

ಬಾಗೂರು ಚನ್ನರಾಯಪಟ್ಟಣ ತಾಲ್ಲೂಕು. ಆ ಕಡೆ ಪರಿಚಯದ ಒಬ್ಬ ಗುಮಾಸ್ತನಿಗೆ ಫೋನು ಮಾಡಿದೆ. ತಾಯಿಯ ಗಂಡನ ಮನೆ ಎಲ್ಲಿದೆಯೋ ಅಲ್ಲಿ ಬರೆಸಿ ಅಂದ. ಹಳ್ಳಿಮೈಸೂರು ಸೇರಿದ ಹೊಳೆನರಸೀಪುರದ ಕಡೆಯವನಿಗೆ ಮಾಡಿದೆ. ಕೂಸು ಎಲ್ಲಿ ಹೋಯಿತೋ ಅಲ್ಲಿ ಬರೆಸಿ ಅಂದ. ಇಬ್ಬರೂ ಹತ್ತು ವರ್ಷದಿಂದ ಮಾತು ಬಿಟ್ಟವರು. ಕೂಸು ನಮ್ಮದಲ್ಲ ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು.

೩. ಬಾಣಂತಿ ಗಂಡಸು

ಯಂತ್ರದಲ್ಲಿ ತಪ್ಪು ತಿದ್ದುವುದು ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಕಲಿಯಲು ನನ್ನದೇ ಒಂದು ಹಳೇ ತಪ್ಪು ಹುಡುಕಿದೆ. ಹೆರಿಗೆಯಲ್ಲಿ ಸತ್ತವರು ಎಂದು ಆರಿಸಿ, ಪುರುಷ ಎಂದು ಒತ್ತಿದೆ. ಒಬ್ಬ ಸಿಕ್ಕಿದ.

ತೊಂಬತ್ತರ ದಶಕದಲ್ಲಿ ನಾನು ಅರಕಲಗೂಡು ಕಡೆ ಇದ್ದಾಗ ಬರೆದದ್ದು. ಹಳೇ ಪುಸ್ತಕ ತರಿಸಿ ನೋಡಿದೆ. ನನ್ನದೇ ಅಕ್ಷರ. ಆ ದಿನ ನೆನಪಾಯಿತು. ಒಬ್ಬ ರೈತ ಬಂದು, "ನಮ್ಮನೇಲಿ ಓಗ್ಬುಟ್ಲು ಸಾ, ಎರಿಗೇಲಿ," ಅಂದಿದ್ದ. ಆ ಕಡೆ ಗಂಡಸರು ಹೆಂಡತಿಯ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಹೆಸರು?" ಅಂದೆ. ತನ್ನ ಹೆಸರು ಹೇಳಿದ. ಬರೆದುಕೊಂಡೆ. ಅಳುತ್ತಿದ್ದ, ಎರಡನೇ ಸಲ ಕೇಳಲಿಲ್ಲ. ಆಮೇಲೆ ಯಾರೋ ಹೆಸರು ನೋಡಿ ಪುರುಷ ಎಂದು ಟೈಪು ಮಾಡಿದ್ದರು.

ತಿದ್ದಬೇಕಾದರೆ ಆತ ಬದುಕಿದ್ದಾನೆ ಎಂದು ಆತನೇ ಸಹಿ ಹಾಕಬೇಕಿತ್ತು. ಬಸ್ಸು ಹತ್ತಿದೆ. ಆತ ಕಣದಲ್ಲಿ ರಾಗಿ ತೂರುತ್ತಿದ್ದ. ಧೂಳಿಗೆ ತಲೆ, ಕಿವಿ ಮುಚ್ಚಿ ವಸ್ತ್ರ ಕಟ್ಟಿಕೊಂಡಿದ್ದ.

"ನೀನು ಹೆರಿಗೆಯಲ್ಲಿ ಸತ್ತಿದ್ದೀಯ ಅಂತ ಸರ್ಕಾರದಲ್ಲಿ ಇದೆ," ಅಂದೆ.

ಆತ ಜೊತೆಯವರ ಕಡೆ ತಿರುಗಿದ. "ಕೇಳಿದ್ರೇನ್ರಲಾ? ನಾನು ಬಾಣಂತಿಯಂತೆ ಕಣ್ರಲಾ."

"ಅದ್ಕೇಯಾ ಕಿವಿಗೆ ಬಟ್ಟೆ ಕಟ್ಕಂಡಿರಾದು," ಅಂದ ಒಬ್ಬ.

"ಬಿಸ್ನೀರು ಕಾಯ್ಸಿ ಎರೀರ್ಲಾ ಅವ್ನಿಗೆ," ಅಂದ ಇನ್ನೊಬ್ಬ.

ಆತನೂ ನಕ್ಕ. ನಕ್ಕು ಮೊರ ಕೆಳಗಿಟ್ಟ. ಕಾಗದ ಕೈಗೆ ತೆಗೆದುಕೊಂಡು ಹಾಗೇ ನೋಡಿದ.

"ಅಂಗೇ ಇರ್ಲಿ ಬುಡಿ ಸಾ. ನಾನೇ ಓಗಿದ್ರೆ ಅವ್ಳಾರ ಇರೋಳು."

ಸಹಿ ಹಾಕಲಿಲ್ಲ. ಒಂದು ಸೇರು ಹುರುಳಿ ಕಟ್ಟಿಕೊಟ್ಟು ಕಳಿಸಿದ. ಸತ್ತವನ ಕೈಯಿಂದ ಹುರುಳಿ ತಂದ ಗುಮಾಸ್ತ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

೪. ಇತರೆ

ಬರಿಗೈಯಲ್ಲಿ ಬರಲಿಲ್ಲ. ತಿದ್ದುಪಡಿಗೆ ಯಾವ ಫಾರಂ ಎಂಬುದು, ಕೂಸನ್ನು ತಾಯಿಯ ಗಂಡನ ಮನೆಯ ಲೆಕ್ಕಕ್ಕೇ ಬರೆಯಬೇಕು ಎಂಬುದು ಅಷ್ಟರಲ್ಲಿ ತಿಳಿದಿತ್ತು. ಮಾರ್ಚಿ ಕೊನೆಗೆ ಹಳೇ ವರ್ಷಗಳ ಜೊತೆಗೆ ಸೊನ್ನೆ ಬಂದ ಆ ವರ್ಷದ ಪುಟವನ್ನೂ ಮುಚ್ಚುತ್ತಾರೆ, ಆಮೇಲೆ ಯಾರು ಬಂದರೂ ತಿದ್ದಲಾಗುವುದಿಲ್ಲ ಎಂಬುದೂ ತಿಳಿಯಿತು. ನರ್ಸಮ್ಮನನ್ನು ಕರೆಸಿದೆ.

ಸಾವಿನ ಕಾರಣಕ್ಕೆ ಯಂತ್ರದಲ್ಲೇ ಒಂದು ಪಟ್ಟಿ ಇತ್ತು. ಆಕೆ ಮೇಲಿಂದ ಕೆಳಗೆ ಓದಿದಳು. ಕೂಸು ಹಾಲು ಬಿಟ್ಟಿತ್ತು, ಮೈ ತಣ್ಣಗಾಗಿತ್ತು, ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ ಹೋಯಿತು. ಪಟ್ಟಿಯಲ್ಲಿ ಅಂಥದ್ದು ಇರಲಿಲ್ಲ.

"ಇತರೆ ಅಂತ ಹಾಕಲಾ?" ಅಂದೆ.

"ಹಾಕಿ ಸಾರ್. ನಾನೂ ಎಷ್ಟೋ ಮನೆಯವರಿಗೆ ಇತರೆ ಅಂತ ಬರ್ದಿದೀನಿ."

ಈಚೆಗೆ ಇನ್ನೊಬ್ಬ ಸಾಹೇಬರು ಈ ಪುಟ ತೆರೆದು, ಒಂದು ಹೋಬಳಿಯಲ್ಲಿ ಜನ ಯಾವುದರಿಂದ ಹೆಚ್ಚು ಸಾಯುತ್ತಾರೆ ಎಂದು ಕೇಳಿದ್ದರು. ಇತರೆ ಎಂದು ಬಂತು. "ಸದರಿ ಕಾಯಿಲೆಯ ಬಗ್ಗೆ ಹಳ್ಳಿಗಳಲ್ಲಿ ಜಾಗೃತಿ ಮೂಡಿಸುವುದು" ಎಂದು ಕಡತದಲ್ಲಿ ಬರೆದರು. ಅದನ್ನು ಆಕೆಗೆ ಹೇಳಿದೆ. ಆಕೆ ನಕ್ಕಿದ್ದು ನಾನು ಕಂಡದ್ದು ಅದೊಂದೇ ಸಲ.

ಹೆಸರಿನ ಜಾಗ ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗುತ್ತಿರಲಿಲ್ಲ.

"ಏನಾದ್ರೂ ಹಾಕಬೇಕಲ್ಲಮ್ಮ."

ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಮೆಲ್ಲಗೆ ಒಂದು ಹೆಸರು ಹೇಳಿದಳು. ಟೈಪು ಮಾಡಿದೆ. ಮಧ್ಯಾಹ್ನದ ಊಟದ ವೇಳೆಯಲ್ಲಿ, ನಮ್ಮ ಆಫೀಸಿನಲ್ಲೇ, ನಾಮಕರಣ ಆಯಿತು.

೫. ಸಮಜಾಯಿಷಿ

ಅಚ್ಚು ತೆಗೆದ ಫಾರಂನ ಕೊನೆಯ ಪುಟದಲ್ಲಿ ಮೂರು ಸಹಿ ಬೇಕಿತ್ತು. ತಾಯಿ, ಮಾಹಿತಿ ಕೊಟ್ಟವರು, ಆ ಹಳ್ಳಿಯ ನರ್ಸು. ಮೂರನ್ನೂ ಆಕೆಯೇ ಹಾಕಿದಳು. ಹೆರಿಗೆಯ ನಂತರ ನರ್ಸು ಬಾಣಂತಿಯನ್ನು ಎಷ್ಟು ಸಲ ನೋಡಿದರು ಎಂದು ಒಂದು ಪ್ರಶ್ನೆ ಇತ್ತು. ಒಮ್ಮೆಯೂ ಇಲ್ಲ ಎಂದು ಬರೆದಳು.

"ಬಾಣಂತಿ ನೀನೇ, ನರ್ಸೂ ನೀನೇ. ದಿನಾ ನೋಡಿದೆ ಅಂತ ಬರಿ," ಅಂದೆ.

"ಕನ್ನಡೀಲಿ ನೋಡ್ಕೊಂಡಿದ್ದು ಭೇಟಿ ಆಗಲ್ಲ ಸಾರ್. ನರ್ಸಿಗೆ ನರ್ಸು ಯಾಕೆ ಅಂತ ಯಾರೂ ಬರ್ಲಿಲ್ಲ. ಬಂದು ಮುಟ್ಟಿದ್ರೆ ಕೂಸು ತಣ್ಣಗಿದೆ ಅಂತ ಹೇಳೋರು. ನಾನೂ ಮುಟ್ತಾನೇ ಇದ್ದೆ. ನನ್ನ ಕೈಗೆ ಗೊತ್ತಾಗ್ಲಿಲ್ಲ."

ಆಕೆ ಬರೆದದ್ದನ್ನೇ ಯಂತ್ರದಲ್ಲೂ ತುಂಬಿದೆ. ಕಳಿಸುವ ಗುಂಡಿ ಒತ್ತಿದೆ.

ಹದಿನೈದು ದಿನಕ್ಕೆ ಪುಟದಲ್ಲಿ ಒಂದು ಎಂದು ಬಂತು. ಆಕೆ ಬಂದು, ತಾನೇ ಕೇಳುತ್ತೇನೆ ಅಂದಳು. ತಾಲ್ಲೂಕು ಆರಿಸಿದಳು, ಉಪಕೇಂದ್ರ ಆರಿಸಿದಳು, ವರ್ಷ ಆರಿಸಿದಳು. ಮೂರು ಸಲ ಒತ್ತಿದಳು. ಮೂರು ಸಲವೂ ಅದೇ ಬಂತು.

ಹಿಂದೆಯೇ ಸಾಹೇಬರಿಂದ ಎರಡು ಕಾಗದ ಬಂದವು. ಒಂದು ನನಗೆ: ಸದರಿ ಉಪಕೇಂದ್ರದಲ್ಲಿ ಶಿಶು ಮರಣ ಏಕಾಏಕಿ ಏರಿಕೆಯಾಗಲು ಕಾರಣ ತಿಳಿಸುವುದು. ಇನ್ನೊಂದು ನರ್ಸಮ್ಮನಿಗೆ: ಸದರಿ ಬಾಣಂತಿಯನ್ನು ಒಮ್ಮೆಯೂ ಭೇಟಿ ಮಾಡದಿರುವ ಬಗ್ಗೆ ಮೂರು ದಿನದೊಳಗೆ ಸಮಜಾಯಿಷಿ ನೀಡುವುದು, ಮತ್ತು ಬಾಣಂತಿಯ ಮನೆಗೆ ಖುದ್ದು ತೆರಳಿ ಆಕೆಯ ಹೇಳಿಕೆಯನ್ನೂ ಪಡೆದು ಲಗತ್ತಿಸುವುದು.

ನಾನು ಕಾರಣದ ಜಾಗದಲ್ಲಿ, ಮೊದಲು ಕೇಳಿರಲಿಲ್ಲ, ಈಗ ಕೇಳಿದೆವು ಎಂದು ಬರೆದೆ.

ಆಕೆ ಎರಡು ಹಾಳೆ ತಂದುಕೊಟ್ಟಳು. ನರ್ಸಿನ ಹಾಳೆಯಲ್ಲಿ ಹೀಗಿತ್ತು: "ಬಾಣಂತಿಗೆ ಎಲ್ಲಾ ತಿಳಿದಿದೆ ಎಂದುಕೊಂಡು ಭೇಟಿ ನೀಡಲಿಲ್ಲ." ಬಾಣಂತಿಯ ಹಾಳೆಯಲ್ಲಿ ಹೀಗಿತ್ತು: "ನರ್ಸಮ್ಮ ಬರುತ್ತಾರೆ ಎಂದು ಕಾದೆ." ಎರಡಕ್ಕೂ ಒಂದೇ ಸಹಿ, ಒಂದೇ ದಿನಾಂಕ.

ಸಾಹೇಬರು ಎರಡನ್ನೂ ಓದಿದರು. ಇಬ್ಬರೂ ಒಬ್ಬಳೇ ಎಂದು ಅವರಿಗೆ ಆಗ ತಿಳಿಯಿತು. ಕಡತಕ್ಕೆ ಸಹಿ ಹಾಕಿದರು.

ಮಾರ್ಚಿ ಮೂವತ್ತೊಂದಕ್ಕೆ ಆ ವರ್ಷದ ಪುಟ ಮುಚ್ಚಿದರು. ಅದರಲ್ಲಿ ಒಂದು ಎಂದು ಇದೆ.