ಒಂಬತ್ತು ಕೀಲಿಕೈಗಳ ಪಾಠ

ಶಿಶುವಿಹಾರದ ಟೀಚರ್ ಹೇಳಿದ್ದು ಇಷ್ಟೇ. ಮನೆಯಲ್ಲಿರುವ ಸಾಮಾನನ್ನೇ ಮಗುವಿನ ಮುಂದೆ ಸುರಿಯಿರಿ, ಒಂದೇ ಥರದ್ದನ್ನು ಒಂದು ಕಡೆ ಸೇರಿಸಲಿ, ಬುದ್ಧಿ ಚುರುಕಾಗುತ್ತದೆ. ಕೇಳಿದ್ದೇ ತಡ, ಆ ಒಂಬತ್ತು ಮನೆಗಳ ಕಟ್ಟಡದ ಕಾವಲುಗಾರನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಾಲ್ಕು ವರ್ಷದ ಮಗಳು ಆಗಲೇ ದೊಡ್ಡ ಆಫೀಸರಾಗಿ ಕುರ್ಚಿಯಲ್ಲಿ ಕೂತಷ್ಟು ಸಂಭ್ರಮ.

ಕಾಳು ಬೆರೆಸಿ ಕೊಡಿ ಎಂದು ಹೇಳಿ ಹೆಂಡತಿ ಕೆಲಸಕ್ಕೆ ಹೋದಳು. ಕಾಳನ್ನು ಮೂಗಿಗೆ ತುರುಕಿಕೊಂಡರೆ ಏನು ಗತಿ? ಜವಾಬ್ದಾರಿಯುತ ಅಪ್ಪ ಗೋಡೆಯ ಹಲಗೆಯಿಂದ ಒಂಬತ್ತೂ ಮನೆಗಳ ಬದಲಿ ಕೀಲಿಕೈಗಳನ್ನು ತೆಗೆದು ಚಾಪೆಯ ಮೇಲೆ ಸುರಿದ. ಪ್ರತಿಯೊಂದಕ್ಕೂ ಮನೆ ನಂಬರಿನ ಚೀಟಿ ಕಟ್ಟಿತ್ತು.

"ಒಂದೇ ಥರದ್ದು ಒಂದ್ಕಡೆ ಇಡು ಪುಟ್ಟಿ," ಎಂದು ಹೇಳಿ ನೀರಿನ ಮೋಟಾರು ಹಾಕಲು ಹೋದ.

ಬರುವಷ್ಟರಲ್ಲಿ ಪಾಠ ಮುಗಿದಿತ್ತು. ಕೀಲಿಕೈಗಳೆಲ್ಲ ಒಂದು ಕಡೆ, ಚೀಟಿಗಳೆಲ್ಲ ಒಂದು ಕಡೆ, ದಾರಗಳೆಲ್ಲ ಇನ್ನೊಂದು ಕಡೆ. ಅಪ್ಪ ಹಿಗ್ಗಿಹೋದ, ಮರುಕ್ಷಣವೇ ಅಯ್ಯೋ ಎಂದು ಕೂಗಿಕೊಂಡ. ಸಂಜೆ ನಾಲ್ಕಕ್ಕೆ ಮಾಲೀಕರು ಬಂದು ಕೀಲಿಕೈ ಪರೀಕ್ಷೆ ಮಾಡುವವರಿದ್ದರು. ಹೋದ ತಿಂಗಳು ಎರಡು ಅದಲುಬದಲಾಗಿದ್ದಕ್ಕೇ, ಇನ್ನೊಮ್ಮೆ ಹೀಗಾದರೆ ಕೆಲಸವೂ ಇಲ್ಲ, ಇರೋ ರೂಮೂ ಇಲ್ಲ ಎಂದಿದ್ದರು.

ಮೊದಲು ಇಳಿದು ಬಂದವರು ಆರನೇ ಮನೆಯ ನಿವೃತ್ತ ಮೇಷ್ಟ್ರು. ಕಲಿಸುವ ಕ್ರಮವೇ ತಪ್ಪು ಎಂದು ಕಾಲು ಗಂಟೆ ಕೊರೆದರು. ಹಿಂದೆಯೇ ಬಂದ ಮೂರನೇ ಮನೆಯ ಹೊಲಿಗೆ ಅತ್ತೆ, ಒಂದೊಂದನ್ನೂ ಬೀಗಕ್ಕೆ ಹಾಕಿ ನೋಡಿದರಾಯಿತು ಎಂದರು. ಸರಿ, ಹೊರಟಿತು ದಿಬ್ಬಣ. ಕಂಡವರೆಲ್ಲ ಒಂದೊಂದು ಕೀಲಿಕೈ ಕಸಿದುಕೊಂಡು ಸಿಕ್ಕ ಸಿಕ್ಕ ಬಾಗಿಲಿಗೆ ತುರುಕಿದರು. ಮೂರನೇ ಮನೆ ತೆರೆದುಕೊಂಡಾಗ ಮೇಷ್ಟ್ರ ಕಳೆದುಹೋದ ಕೊಡೆ ಅಲ್ಲಿ ಮೊಳೆಗೆ ನೇತಾಡುತ್ತಿತ್ತು. ಆರನೇ ಮನೆ ತೆರೆದಾಗ ಅತ್ತೆಯ ದೊಡ್ಡ ಕತ್ತರಿ ಮೇಷ್ಟ್ರ ಮೇಜಿನ ಮೇಲಿತ್ತು. ಇಬ್ಬರೂ ಮುಖ ಗಂಟಿಕ್ಕಿಕೊಂಡರು. ಉಳಿದವರೂ ತಮ್ಮ ತಮ್ಮ ಬಾಗಿಲಿಗೆ ಅಡ್ಡ ನಿಂತರು.

ಅಂತೂ ಮಧ್ಯಾಹ್ನ ಎರಡಕ್ಕೆ ಒಂಬತ್ತೂ ಕೀಲಿಕೈಗಳು ಹೊಂದಿದವು. ಕಾವಲುಗಾರ ಚೀಟಿ ಕಟ್ಟಿ, ಹಲಗೆಗೆ ಸಾಲಾಗಿ ತಗುಲಿಸಿ, ಮಗಳನ್ನು ಎತ್ತಿ ಗಿರಗಿರನೆ ಕುಣಿಸಿ, ತಾರಸಿಯ ನೀರಿನ ತೊಟ್ಟಿ ತೊಳೆಯಲು ಹೋದ.

ನಾಲ್ಕಕ್ಕೆ ಸರಿಯಾಗಿ ಮಾಲೀಕರು ಬಂದು ಆರನೇ ನಂಬರಿನದನ್ನು ಎತ್ತಿಕೊಂಡರು. ಮೇಷ್ಟ್ರು ವಾಕಿಂಗ್ ಹೋಗಿದ್ದರು. ಕೀಲಿಕೈ ಬೀಗದೊಳಕ್ಕೇ ಹೋಗಲಿಲ್ಲ. ಮೂರನೆಯದೂ ಹೋಗಲಿಲ್ಲ. ಏಳು, ಎಂಟು, ಒಂಬತ್ತು, ಯಾವುದೂ ಇಲ್ಲ. ಕಾವಲುಗಾರ ಬೆವರೊರೆಸಿಕೊಂಡು ಬೀಗಗಳತ್ತ ಕಣ್ಣರಳಿಸಿ ನೋಡಿದ. ಎಲ್ಲವೂ ಹೊಚ್ಚಹೊಸವು, ಫಳಫಳ ಹೊಳೆಯುತ್ತಿದ್ದವು.

ಮೂರನೇ ಮನೆಯ ಹೊಲಿಗೆ ಅತ್ತೆಯೇ ಬಾಗಿಲು ತೆರೆದು ಸಮಾಧಾನ ಹೇಳಿದರು. "ನೀನೇನೂ ಅನ್ಕೋಬೇಡಪ್ಪ. ಎಲ್ರ ಕೀನೂ ಎಲ್ರ ಕೈಗೂ ಸಿಕ್ತಲ್ಲ. ಅದಕ್ಕೇ ಎಲ್ರೂ ತಕ್ಷಣ ಹೋಗಿ ಹೊಸ ಬೀಗ ತಂದು ಹಾಕಿಸಿದ್ವಿ. ಬದಲಿ ಕೀಗೆ ನಂಬರ್ ಚೀಟಿ ಕಟ್ಟಿ, ಒಂಬತ್ತನ್ನೂ ಆಗ್ಲೇ ನಿನ್ ಮಗಳ ಕೈಗೇ ಕೊಟ್ಬಿಟ್ವಿ."

ಮಾಲೀಕರು ಗಡಿಯಾರ ನೋಡಿಕೊಂಡು, ಹತ್ತು ನಿಮಿಷದಲ್ಲಿ ತಂದು ತೋರಿಸು, ಇಲ್ಲದಿದ್ದರೆ ರೂಮು ಖಾಲಿ ಮಾಡು ಎಂದರು. ಕಾವಲುಗಾರ ಒಂದೇ ಉಸಿರಿಗೆ ಕೆಳಗೆ ಓಡಿದ.

ಮಗಳು ಚಾಪೆಯ ಮೇಲಿಂದ ತಲೆಯೆತ್ತಿ ನಕ್ಕಳು.

"ಅಪ್ಪಾ, ಈ ಸಲ ಬೇಗ ಆಯ್ತು ನೋಡು. ಕೀ ಇಲ್ಲಿ, ಚೀಟಿ ಇಲ್ಲಿ, ದಾರ ಇಲ್ಲಿ."